ಎರಡು ದಡದ ಊರು

ಶವಪೆಟ್ಟಿಗೆಯ ಉದ್ದವನ್ನು ಹಗ್ಗದಲ್ಲಿ ಅಳೆದು ಲೆಸ್ಟರ್ ಗಂಟು ಹಾಕುತ್ತಿದ್ದಾಗ ಕ್ವಿಗ್ಲಿ ಬಂದು ಅವನ ಹೆಗಲು ಹಿಡಿದ.

"ಏನ್ರೀ ಮಾಡ್ತಿದೀರಿ?"

"ಹಲಗೆ ಎಷ್ಟುದ್ದ ಬೇಕು ಅಂತ ನೋಡ್ತಿದೀನಿ. ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಹಾಕಿದ್ರೆ ಅಕ್ಕ ಆರಾಮಾಗಿ ದಾಟ್ತಾಳೆ. ಹೋದ ವರ್ಷ ಹೀಗೇ ಒಂದು ಪಿಯಾನೊ ದಾಟಿಸಿದ್ವಿ."

"ಪಿಯಾನೊ ನೀರಿಗೆ ಬಿದ್ರೆ ಯಾರೂ ನನ್ನನ್ನ ಹಿಡ್ಕೊಳ್ಳಲ್ಲ. ನಿಮ್ಮಕ್ಕ ಬಿದ್ರೆ?"

ಕ್ವಿಗ್ಲಿ ಜಿಲ್ಲಾ ಪಟ್ಟಣದಿಂದ ಬಂದವನು, ಶವಸಂಸ್ಕಾರ ಮಾಡಿಸುವುದೇ ಅವನ ಕಸುಬು. ಕೆಟ್ಟವನಲ್ಲ. ಮಿಸ್ಸಿಸ್ಸಿಪ್ಪಿ ನದಿ ಉಕ್ಕಿ ಬುಡಸಮೇತ ಮರಗಳನ್ನು ಹೊತ್ತು ತರುತ್ತಿತ್ತು. ಸೇತುವೆ ನಲವತ್ತು ಮೈಲಿ ಕೆಳಗೆ. ಅದರ ದಾರಿಯೂ ಮುಳುಗಿತ್ತು.

"ನಮ್ಮ ಪಟ್ಟಣದಲ್ಲಿ ಒಳ್ಳೇ ಸ್ಮಶಾನ ಇದೆ, ಲೆಸ್ಟರ್. ಮಧ್ಯಾಹ್ನ ಹನ್ನೆರಡರವರೆಗೆ ಕಾಯ್ತೀನಿ. ಆಮೇಲೆ ಅಲ್ಲಿಗೇ ಕರ್ಕೊಂಡು ಹೋಗೋಣ."

"ಅದು ಬೇರೆ ಊರು," ಎಂದ ಲೆಸ್ಟರ್.

ಲೆಸ್ಟರನ ತಾತನ ಕಾಲದಲ್ಲಿ, ಒಂದು ವಸಂತದಲ್ಲಿ, ನದಿಗೆ ಪೆರಿನ್ಸ್ ಬೆಂಡ್ ಎಂಬ ಈ ಊರನ್ನು ಸುತ್ತಿ ಹರಿಯುವ ಬಳಸುದಾರಿ ಬೇಸರವಾಗಿ ಊರಿನ ನಡುವೆಯೇ ನೆಟ್ಟಗೆ ಸೀಳಿಕೊಂಡು ಹೋಗಿತ್ತು. ಇಗರ್ಜಿ, ಸ್ಮಶಾನದ ದಿಬ್ಬ, ಒಂದಷ್ಟು ಮನೆಗಳು ಆಚೆ ದಡಕ್ಕೆ ಬಿದ್ದವು. ನದಿ ದಾರಿ ಬದಲಿಸಿತೇ ಹೊರತು ಊರು ತನ್ನ ಗಡಿ ಬದಲಿಸಲಿಲ್ಲ.

ಅಂದಿನಿಂದ ಒಂದು ಪದ್ಧತಿ. ಈಚೆ ದಡದಲ್ಲಿ ಯಾರಾದರೂ ಸತ್ತರೆ ದೋಣಿ ನಿಲ್ಲುವ ದಕ್ಕೆಯ ಕಂಬಕ್ಕೆ ಬಿಳಿ ಹಾಸುಬಟ್ಟೆ ಕಟ್ಟಬೇಕು. ಈಚೆಯವರು ಸತ್ತವರನ್ನು ತಾವಾಗಿ ಕಳಿಸುವಂತಿಲ್ಲ. ಆಚೆಯವರು ಬಂದು ಕರೆದೊಯ್ಯಬೇಕು. ಲೆಸ್ಟರ್ ಬೆಳಕು ಹರಿಯುವಾಗಲೇ ಬಟ್ಟೆ ಕಟ್ಟಿದ್ದ. ಈಗ ಹತ್ತೂವರೆ. ಒಂದು ದೋಣಿಯೂ ಹೊರಟಿರಲಿಲ್ಲ.

ಅರ್ಲೀನ್ ಎಪ್ಪತ್ತೆಂಟು ವರ್ಷ ಬಾಳಿ ತಮ್ಮನನ್ನು ಕೇಳಿಕೊಂಡದ್ದು ಒಂದೇ: ಅಮ್ಮನ ಪಕ್ಕದ ಜಾಗ. ಅಷ್ಟನ್ನೂ ಮಾಡಲಾಗದಿದ್ದರೆ ತಾನು ಯಾವ ಸೀಮೆಯ ತಮ್ಮ ಎಂದುಕೊಂಡು ಲೆಸ್ಟರ್ ಹಗ್ಗದ ಗಂಟನ್ನು ಇನ್ನಷ್ಟು ಬಿಗಿದ.

* * *

ಹನ್ನೆರಡು ವರ್ಷದ ಹಿಂದೆ ಜನಗಣತಿಯವನೊಬ್ಬ ಬಂದು, ಈಚೆ ದಡದ ಮನೆಗಳನ್ನಷ್ಟೇ ಸುತ್ತಿ, ಪೆರಿನ್ಸ್ ಬೆಂಡಿನ ಜನಸಂಖ್ಯೆ ನಲವತ್ತಮೂರು ಎಂದು ಬರೆದುಕೊಂಡು ಹೋದ. ಐವತ್ತಕ್ಕಿಂತ ಕಡಿಮೆಯಾದರೆ ಊರಿನ ಹೆಸರನ್ನೇ ದಾಖಲೆಯಿಂದ ತೆಗೆಯುತ್ತೇವೆ ಎಂದು ಕಾಗದ ಬಂತು. ಅರ್ಲೀನ್ ಆಗ ಊರಿನ ಗುಮಾಸ್ತೆ. ಮೂಗಿನ ತುದಿಯಲ್ಲೇ ಕೋಪ.

ಕಾಗದ ಮಡಚಿ ಜೇಬಿಗೆ ತುರುಕಿ, ತಮ್ಮನಿಗೆ ಹುಟ್ಟು ಹಾಕಲು ಹೇಳಿ, ಆಚೆ ದಡದ ಮೊದಲ ಮನೆಯ ಬಾಗಿಲು ಬಡಿದಳು. ಅದು ಓಪಲ್ ಟಿಬೆಟ್ಸಳ ಮನೆ. ಬೆಕ್ಕುಮೀನು ಹಿಡಿದು ಮಾರುವ ಹೆಂಗಸು.

"ಹೆಣ ಹೊರೋಕೆ ಬಿಟ್ರೆ ನಲವತ್ತು ವರ್ಷದಿಂದ ನಮ್ಮ ನೆನಪಾಗ್ಲಿಲ್ಲ. ಈಗ ಲೆಕ್ಕಕ್ಕೆ ಕಡಿಮೆ ಬಿತ್ತು ಅಂತ ಬಂದ್ಯಾ?" ಎಂದಳು ಓಪಲ್.

"ಹೌದು, ಅದಕ್ಕೇ ಬಂದೆ. ಅದು ನಮ್ಮ ತಪ್ಪು. ಬೈಯೋದಿದ್ರೆ ಬೈದು ಮುಗಿಸು, ಆಮೇಲೆ ಬೂಟು ಹಾಕ್ಕೋ."

ಓಪಲ್ ಅರ್ಧ ಗಂಟೆ ಬೈದಳು. ಆಮೇಲೆ ಬೂಟು ಹಾಕಿಕೊಂಡಳು.

ಪಟ್ಟಣದ ಕಚೇರಿಯಲ್ಲಿ ಅಧಿಕಾರಿ ಪುರಾವೆ ಎಲ್ಲಿ ಎಂದು ಕೇಳಿದ. ಅರ್ಲೀನ್ ಬಾಗಿಲು ತೆಗೆದಳು. ಇಪ್ಪತ್ತೊಂದು ಜನ ಕೆಸರುಬೂಟಿನಲ್ಲಿ ಒಳಗೆ ಬಂದು ಗೋಡೆಗುಂಟ ನಿಂತರು. ಕೊನೆಯಲ್ಲಿ ಓಪಲ್, ಮೊಮ್ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು.

"ಎಣಿಸ್ಕೊಳ್ಳಿ ಸ್ವಾಮಿ," ಎಂದಳು ಅರ್ಲೀನ್. "ಕೈ ಸೋತ್ರೆ ಹೇಳಿ, ನಾನೂ ಎಣಿಸ್ತೀನಿ."

ಊರಿನ ಹೆಸರಿನ ಹಲಗೆಯ ಮೇಲೆ ಜನಸಂಖ್ಯೆ ಅರವತ್ತನಾಲ್ಕು ಎಂದು ಬಣ್ಣದಲ್ಲಿ ಬರೆದವಳೂ ಅವಳೇ.

* * *

ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ಕ್ವಿಗ್ಲಿ ಕೈಗಡಿಯಾರ ನೋಡಿದ. ಅದೇ ಹೊತ್ತಿಗೆ ಆಚೆ ದಡದ ಮರಗಳ ಹಿಂದಿನಿಂದ ದೋಣಿಗಳು ಹೊರಬಂದವು. ಒಂದು, ಮೂರು, ಆರು, ಒಂಬತ್ತು. ಆದರೆ ಅವು ಈಚೆ ತಿರುಗದೆ ದಡ ಹಿಡಿದು ಮೇಲಕ್ಕೆ, ಇನ್ನೂ ಮೇಲಕ್ಕೆ ಹೋದವು.

"ಪಾಪ, ಬಿಟ್ಟು ಹೋಗ್ತಿದಾರೆ ನೋಡಿ," ಎಂದ ಕ್ವಿಗ್ಲಿ.

ಲೆಸ್ಟರ್ ಆ ಬೆಳಗ್ಗೆ ಮೊದಲ ಸಲ ನಕ್ಕ. "ಈ ನದೀನ ಯಾರೂ ನೇರ ದಾಟಲ್ಲ ಕಣ್ರೀ. ಅರ್ಧ ಮೈಲಿ ಮೇಲೆ ಹೋಗಿ ಬಿಟ್ಕೊಂಡ್ರೆ, ನೀರೇ ತಂದು ಇಳಿಸುತ್ತೆ."

ನೀರೇ ತಂದು ಇಳಿಸಿತು. ಒಂಬತ್ತೂ ದೋಣಿಗಳು ಓರೆಯಾಗಿ ಜಾರಿ ಬಂದು ದಕ್ಕೆಗೆ ಮೂತಿ ತಾಗಿಸಿದವು. ಓಪಲ್ ಮೊದಲು ನೆಗೆದಳು. ಅವಳ ಕೈಯೆಲ್ಲ ಮಣ್ಣು.

"ಇಷ್ಟು ಹೊತ್ತು ಯಾಕೆ?" ಲೆಸ್ಟರ್ ಅವಳ ದೋಣಿಯ ಹಗ್ಗ ಹಿಡಿದು ಕೇಳಿದ.

"ಬಟ್ಟೆ ಕಂಡಾಗ ಕಾಫಿ ಒಲೆ ಮೇಲಿತ್ತು. ಅವಳು ತಿಂಗಳಿಂದ ಮಲಗಿದ್ಳಲ್ಲ, ಇನ್ಯಾರಿಗೆ ಕಟ್ತೀಯ? ಮೊದ್ಲು ಗುಂಡಿ ತೋಡಿದ್ವಿ. ಅವಳ ಅಮ್ಮನ ಪಕ್ಕದಲ್ಲೇ. ಎಲ್ಲಾರೂ ಒಂದೊಂದು ಗುದ್ದಲಿ ಹಾಕ್ಬೇಕು ಅಂತ ಹಟ ಹಿಡಿದ್ರೆ ಹೊತ್ತಾಗಲ್ವೇನೋ?"

ಲೆಸ್ಟರ್ ಅತ್ತುಬಿಟ್ಟ. ಅತ್ತದ್ದು ದುಃಖಕ್ಕಲ್ಲ.

ಎರಡು ದೋಣಿ ಜೋಡಿಸಿ, ಹಲಗೆ ಬಿಗಿದು, ಪೆಟ್ಟಿಗೆ ಇಟ್ಟರು. ಆ ಜೋಡಿದೋಣಿಗೆ ಹಗ್ಗ ಕಟ್ಟಿ ಮೊದಲು ಈ ದಡದಲ್ಲೂ ಅರ್ಧ ಮೈಲಿ ಮೇಲಕ್ಕೆ ಎಳೆಯಬೇಕಿತ್ತು. ಅಂಗಡಿ ಮುಚ್ಚಿದರು, ಅಂಚೆಕಚೇರಿ ಮುಚ್ಚಿದರು. ಊರಿಗೆ ಊರೇ ಹಗ್ಗಕ್ಕೆ ಕೈ ಹಚ್ಚಿತು. ಎಂಬತ್ತರ ಮುದುಕಿಯರೂ ಹಗ್ಗದ ಬಾಲ ಹಿಡಿದು ನಡೆದರು.

"ನಿಂತು ನೋಡೋಕೆ ನೀನೇನು ಗವರ್ನರಾ?" ಎಂದು ಓಪಲ್ ಕೇಳಿದಾಗ ಕ್ವಿಗ್ಲಿ ಕೋಟು ಬಿಚ್ಚಿ ಬೇಲಿಗೆ ನೇತುಹಾಕಿದ.

ಹಗ್ಗ ಬಿಟ್ಟ ಮೇಲೆ ಲೆಸ್ಟರ್ ಪೆಟ್ಟಿಗೆಯ ಮೇಲೆ ಕೈಯಿಟ್ಟು ಕೂತ. ಮಧ್ಯದಲ್ಲಿ ಒಂದು ದಿಮ್ಮಿ ಸೀದಾ ನುಗ್ಗಿ ಬಂತು. ಓಪಲ್ ಗಳದಿಂದ ಅದನ್ನು ತಳ್ಳಿ, ಬಾಯಿ ತುಂಬ ಬೈದು ಕಳಿಸಿದಳು. ಹಿಂದೆ ಉಳಿದ ದೋಣಿಗಳು ಹೋಗಿ ಬಂದು, ಹೋಗಿ ಬಂದು ಜನರನ್ನು ದಾಟಿಸಿದವು. ಈಚೆ ದಡದ ಬೀದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಪ್ರವಾಹ ಸ್ಮಶಾನದ ದಿಬ್ಬವನ್ನು ಸುತ್ತಲಿಂದಲೂ ಕಚ್ಚಿ ಚಿಕ್ಕದು ಮಾಡಿತ್ತು. ಪೆಟ್ಟಿಗೆ ಇಳಿಸುವ ಹೊತ್ತಿಗೆ ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೊನೆಯ ದೋಣಿಗಳಲ್ಲಿ ಬಂದ ಹದಿನೈದು ಮಂದಿ, ಅವರ ನಡುವೆ ಪ್ಯಾಂಟು ಮಡಚಿದ ಕ್ವಿಗ್ಲಿ, ಮೊಣಕಾಲುದ್ದ ನೀರಿನಲ್ಲೇ ಸಾಲಾಗಿ ನಿಂತು ಟೋಪಿ ತೆಗೆದರು.