ಗೀಜಪ್ಪನ ಎಡಗಣ್ಣು

ನಾಯಿಗೆ ಗೀಜಪ್ಪ ಎಂದು ಹೆಸರಿಟ್ಟಿದ್ದು ಮಾವ. ಸೊಸೆ ತವರಿನಿಂದ ಜೊತೆಗೆ ತಂದುಕೊಂಡಿದ್ದ ಆ ನಾಯಿಗೆ ಬೇರೆ ಹೆಸರಿತ್ತು. ಎಡಗಣ್ಣಿನಲ್ಲಿ ಗೀಜು ಕಟ್ಟತೊಡಗಿದ ಮೇಲೆ ಆ ಮನೆಯಲ್ಲಿ ಅವಳೊಬ್ಬಳೇ ಅದನ್ನು ಆ ಹಳೆಯ ಹೆಸರಿನಿಂದ ಕರೆಯುತ್ತಿದ್ದಳು.

"ಇದೂ ನಿನ್ನ ಹಾಗೇ ಕಣಮ್ಮ. ಯಾವಾಗ ನೋಡಿದ್ರೂ ಅಳುಮುಖ," ಎಂದರು ಮಾವ. ಗಂಡ ತಟ್ಟೆಯಿಂದ ತಲೆ ಎತ್ತದೆ ನಕ್ಕ.

ಅವಳು ಕುದಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ, ಮೂಗಿನ ಕಡೆಯಿಂದ ಹೊರಕ್ಕೆ ಒರೆಸುತ್ತಿದ್ದಳು. ಒಂದು ಕಣ್ಣಿನ ಹತ್ತಿ ಇನ್ನೊಂದಕ್ಕೆ ಮುಟ್ಟಿಸುತ್ತಿರಲಿಲ್ಲ. ನೀರಿನಂತಿದ್ದ ಗೀಜು ಹಳದಿಯಾಗಿತ್ತು. ನಾಯಿ ಆ ಕಣ್ಣನ್ನು ಅರ್ಧ ಮುಚ್ಚಿ ಮುಂಗಾಲಿನಿಂದ ಉಜ್ಜುತ್ತಿತ್ತು. ಪಶುವೈದ್ಯರ ಕಾಂಪೌಂಡರ್ ಫೋನಿನಲ್ಲಿ ಹೇಳಿದ್ದ: "ಎರಡೂ ಕಣ್ಣು ಸುರೀತಿದ್ರೆ ಧೂಳು ಇರಬಹುದು ಅಂತೀನಿ. ಒಂದೇ ಕಣ್ಣು ಮುಚ್ಕೊಂಡಿದ್ರೆ ಗಾಯ ಇರಬಹುದು. ಕರ್ಕೊಂಡ್ ಬನ್ನಿ ಅಕ್ಕ. ಅಲ್ಲೀವರೆಗೂ ಕಣ್ಣಿಗೆ ಯಾವ ಔಷಧಿನೂ ಹಾಕಬೇಡಿ."

ಅವಳು ಇಸ್ತ್ರಿ ಮಾಡುವ ಲಾಂಡ್ರಿಯಲ್ಲಿ ಗುರುವಾರಕ್ಕೆ ಅರ್ಧ ದಿನ ರಜೆ ಸಿಕ್ಕಿತು. ಅಂದು ಸೋಮವಾರ.

ಮಾವ ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಸತ್ತ ಗಡಿಯಾರದ ಚಕ್ರ ತೆಗೆದು ಬದುಕಿದ್ದಕ್ಕೆ ಕೂರಿಸುವುದೇ ಅವರ ಕಸುಬು. ಹಾಗಾಗಿ ಯಾವುದನ್ನೂ ಎಸೆದವರಲ್ಲ. ಬಲಗಣ್ಣಿನ ಪೊರೆ ತೆಗೆಸಿದಾಗ ಉಳಿದಿದ್ದ ಹನಿ ಔಷಧಿಯೂ ಅವರ ಸ್ಕ್ರೂ ಡಬ್ಬಿಯಲ್ಲಿತ್ತು.

"ತಗೋ, ಬಿಡು. ಮನುಷ್ಯರ ಕಣ್ಣಿಗೆ ಆಗಿದ್ದು ನಾಯಿ ಕಣ್ಣಿಗೆ ಆಗಲ್ವಾ?"

"ಕಾಂಪೌಂಡರ್ ಬೇಡ ಅಂದಿದಾನೆ ಮಾವ."

"ಓಹೋ, ಸೂಜಿ ಚುಚ್ಚೋನ ಮಾತು ದೊಡ್ಡದಾಯ್ತು!"

"ಬಿಡೇ, ಅಪ್ಪ ಅಷ್ಟು ಹೇಳ್ತಿದಾರೆ," ಎಂದ ಗಂಡ.

ಹನಿ ಬಿಟ್ಟಳು. ಬುಧವಾರದ ಹೊತ್ತಿಗೆ ಕೆಂಪು ಹೋಯಿತು, ಗೀಜು ನಿಂತಿತು. ಮಾವ ಬಂದವರಿಗೆಲ್ಲ ತೋರಿಸಿದರು. ಅವಳಿಗೂ ಹೊಗಳಿಕೆಯಲ್ಲಿ ಒಂದು ಚೂರು ಸಿಕ್ಕಿತು. ಗುರುವಾರದ ರಜೆಯನ್ನು ತಾನೇ ಬೇಡವೆಂದಳು.

ಶನಿವಾರ ಕಣ್ಣಿನ ನಡುವೆ ಹಾಲು ಚೆಲ್ಲಿದ ಹಾಗೆ ಬಿಳುಪು ಕಂಡಿತು. ಮಾವ, "ಔಷಧಿ ಒಳಗೆ ಕೆಲಸ ಮಾಡ್ತಿದೆ, ನಿಲ್ಲಿಸಬೇಡ," ಎಂದರು. ಸೋಮವಾರ ಬೆಳಿಗ್ಗೆ ನಾಯಿ ಗೋಡೆಗೆ ತಲೆ ಒತ್ತಿ ನಿಂತಿತ್ತು. ಅವಳು ಲಾಂಡ್ರಿಗೆ ಹೇಳದೆ ಅದನ್ನು ಎತ್ತಿಕೊಂಡು ಪಶು ಆಸ್ಪತ್ರೆಗೆ ಓಡಿದಳು.

ಡಾಕ್ಟರಮ್ಮ ಬಣ್ಣದ ಕಾಗದದ ಚೂರನ್ನು ಕಣ್ಣಿಗೆ ಮುಟ್ಟಿಸಿ ದೀಪ ಹಿಡಿದರು. ಗಾಯದ ಅಂಚು ಹಸಿರಾಗಿ ಹೊಳೆಯಿತು. ನಡುವೆ ತೂತು ಬಿದ್ದಿತ್ತು.

"ಏನ್ ಬಿಟ್ರಿ?"

ಅವಳು ಬಾಟಲಿ ಕೊಟ್ಟಳು.

"ಸ್ಟಿರಾಯ್ಡ್. ಗಾಯ ಇರೋ ಕಣ್ಣಿಗೆ ಇದು ವಿಷ. ಕೆಂಪು ಹೋಗಿದ್ದು ವಾಸಿಯಾಗಿ ಅಲ್ಲ ತಾಯಿ. ಗಾಯ ಒಳಗೊಳಗೇ ಕೊರೀತಿತ್ತು, ಇದು ಅದನ್ನ ಮುಚ್ಚಿಟ್ಟಿತು. ಕಣ್ಣು ತೆಗೀಬೇಕು. ಗುರುವಾರವೇ ಬಂದಿದ್ರೆ ಬಹುಶಃ ಉಳೀತಿತ್ತು."

ಹೊಲಿಗೆ ಹಾಕಿದ ಮುಖದ ನಾಯಿಯೊಂದಿಗೆ ಮನೆಗೆ ಬಂದಾಗ ಮಾವ ಎಲೆಯಡಿಕೆ ಮೆಲ್ಲುತ್ತಿದ್ದರು.

"ನಾನೆಲ್ಲಿ ಬಿಡು ಅಂದೆ? ಹಿಂಡಿದ್ದು ಯಾರ ಕೈ?"

ಅವಳು ಗಂಡನ ಕಡೆ ನೋಡಿದಳು. "ನನ್ನನ್ಯಾಕೆ ನೋಡ್ತೀಯ? ನಾನೇನೂ ಕೇಳಿಸ್ಕೊಂಡಿಲ್ಲ," ಎಂದ.

ಅವಳು ಅಳಲಿಲ್ಲ.

ಮುಂದಿನ ತಿಂಗಳು ಮಾವನ ಎಡಗಣ್ಣಿನ ಪೊರೆ ತೆಗೆದರು. ಹನಿ ಬಿಡಲು ಮಗನ ಕೈ ನಡುಗುತ್ತದೆಯಂತೆ. ಸೊಸೆಯೇ ಬಿಡಬೇಕು. ಅವಳು ಹೊಸ ಬಾಟಲಿ ತಂದು, ಸರಿಯಾದ ಔಷಧಿ ಹೌದೇ ಎಂದು ಎರಡು ಸಲ ಓದಿದಳು. ಆಮೇಲೆ ಅದರ ಚೀಟಿಯನ್ನು ಬಿಸಿನೀರಿನಲ್ಲಿ ನೆನೆಸಿ, ಉಗುರಿನಿಂದ ಕೆರೆದು ತೆಗೆದಳು.

ಮಾವ ಮಂಚದ ಮೇಲೆ ಅಂಗಾತ ಮಲಗಿ, ನೆಟ್ಟಗಿದ್ದ ಬಲಗಣ್ಣನ್ನು ಬಾಟಲಿಯತ್ತ ಹೊರಳಿಸಿದರು.

"ಇದ್ಯಾವುದು? ಚೀಟಿ ಎಲ್ಲಿ?"

"ನಿಮ್ಮ ಡಬ್ಬೀಲೇ ಇತ್ತಲ್ಲ ಮಾವ."

"ಏಯ್, ಮಗನ್ನ ಕರಿ! ಲೋ, ಬಾರೋ ಇಲ್ಲಿ!"

ಮಗ ಒಳಗಿದ್ದ. ಈ ಸಲವೂ ಅವನಿಗೆ ಏನೂ ಕೇಳಿಸಲಿಲ್ಲ.

ಮುದುಕರು ಕಣ್ಣು ಬಿಗಿಯಾಗಿ ಮುಚ್ಚಿದರು. ಅವಳು ಕಣ್ಣಾಸ್ಪತ್ರೆಯಲ್ಲಿ ತೋರಿಸಿಕೊಟ್ಟ ಹಾಗೆ ಹೆಬ್ಬೆರಳಿನಿಂದ ಕೆಳರೆಪ್ಪೆಯನ್ನು ಮೆತ್ತಗೆ ಎಳೆದಳು. ಮಂಚದ ಕೆಳಗೆ ನಾಯಿ ತನ್ನ ಒಂದೇ ಕಣ್ಣಿನಿಂದ ನೋಡುತ್ತಿತ್ತು.

"ಅಲ್ಲಾಡಬೇಡಿ ಮಾವ. ಗೀಜಪ್ಪ ಕೂಡ ಇಷ್ಟು ಹಠ ಮಾಡಿರಲಿಲ್ಲ."

ಹನಿ ಬಿತ್ತು. ಮುದುಕರು ಕಿರುಚಿದರು. ದಿನಕ್ಕೆ ನಾಲ್ಕು ಸಲ, ಇನ್ನೂ ಆರು ವಾರವಿತ್ತು.