ಕಾಗಿಣಾ ನಡುನೀರಿನಲ್ಲಿ ಲಾರಿ ಹಾರ್ನ್

ಕಾಗಿಣಾ ನದಿ ತುಂಬಿ ಬಂದರೆ ಚಿತ್ತಾಪುರ ಸೀಮೆಯಲ್ಲಿ ಇಬ್ಬರಿಗೆ ಮಾತ್ರ ದಾರಿ ಗೊತ್ತು. ಒಬ್ಬಾಕೆ ಹೊಳೆಯ ತಾಯಿ ಗಂಗಮ್ಮ, ಇನ್ನೊಬ್ಬ ನಾನು, ಅಂಬಿಗರ ಅಣವೀರ. ತಿರುವುಗಳಲ್ಲಿ ಗಂಗಮ್ಮನೂ ನನ್ನನ್ನು ಕೇಳಿಯೇ ಮುಂದೆ ಹೋಗುತ್ತಾಳೆ.

ಇಂಥ ನನ್ನ ದೋಣಿಯ ಎಂಜಿನ್ ಹೋದ ಮಳೆಗಾಲದಲ್ಲಿ ಸುಟ್ಟುಹೋಯಿತು. ದೋಣಿಯ ಎಂಜಿನ್ ನದಿಯ ನೀರನ್ನೇ ಹೀರಿ ಮೈ ತಂಪು ಮಾಡಿಕೊಳ್ಳುತ್ತದೆ. ಹೀರುವ ಜಾಳಿಗೆಗೆ ಕಸ ಅಂಟಿಕೊಂಡಿತೋ, ಒಳಗೊಳಗೇ ಬೆಂದು ಬಿಗಿದುಕೊಳ್ಳುತ್ತದೆ. ಅವತ್ತು ಅದರ ಮೇಲೆ ರೊಟ್ಟಿ ಬೇಯಿಸಿದ್ದರೆ ಇಡೀ ತೆಂಗಳಿ ಊರು ಉಂಡು, ಆಡಕಿ ಊರಿಗೂ ಬುತ್ತಿ ಕಳಿಸಬಹುದಿತ್ತು.

ಹೊಸ ಎಂಜಿನ್ ಬಂದ ಕೂಡಲೇ ಶಹಾಬಾದಿನ ಮಜೀದಸಾಬರ ಹತ್ತಿರ ಹೋದೆ. ಅವರು ನೆಲಕ್ಕೆ ಹಾಸುವ ಫರ್ಸಿ ಕಲ್ಲು ಕೊಯ್ಯುವ ಯಂತ್ರಗಳನ್ನು ರಿಪೇರಿ ಮಾಡುವವರು. ಆ ಯಂತ್ರದ ಬ್ಲೇಡಿನ ಮೇಲೂ ನೀರು ಬೀಳುತ್ತಲೇ ಇರಬೇಕು. ಅದಕ್ಕೆಂದು ಅವರು ನೀರಿನ ಪೈಪಿನೊಳಗೆ ಒಂದು ಸಣ್ಣ ರೆಕ್ಕೆ ಕೂರಿಸುತ್ತಿದ್ದರು. ನೀರು ಹರಿಯುವಾಗ ರೆಕ್ಕೆ ಎದ್ದಿರುತ್ತದೆ, ನಿಂತರೆ ಬಿದ್ದು ಗಂಟೆ ಬಾರಿಸುತ್ತದೆ. ಅದನ್ನೇ ನನ್ನ ಎಂಜಿನ್ನಿಗೂ ಹಾಕಿ ಎಂದೆ.

"ಇದು ಬಿಸಿ ಆದ ಮ್ಯಾಲ ಅಳೂದಲ್ಲ ಅಣವೀರಣ್ಣ," ಎಂದರು ಮಜೀದಸಾಬರು. "ನೀರು ನಿಂತ ಕೂಡ್ಲೇ ಒದರ್ತದ. ಗಂಟಿ ಹಾಕ್ಲೇನು?"

"ಗಂಟಿ ಯಾಕ್ರಿ ಸಾಬ್ರ? ನಾ ಏನ್ ಐಸ್‌ಕ್ರೀಮ್ ಮಾರಾಕತ್ತೀನೇನು? ಸಿಮೆಂಟ್ ಲಾರಿ ಹಾರ್ನ್ ಹಾಕ್ರಿ!"

ಹಾಕಿದರು. ಮೊದಲ ಸಲ ಕೂಗಿಸಿದಾಗ ಚಿಂಚೋಳಿ ಕಾಡಿನ ತೋಳಗಳು ಊರು ಬಿಟ್ಟವಂತೆ, ಸೇಡಂನಲ್ಲಿ ಮದುಮಗನೊಬ್ಬ ಕುದುರೆ ಸಮೇತ ಓಡಿಹೋದನಂತೆ. ಜನ ಹಾಗೆ ಹೇಳುತ್ತಾರೆ. ಜನರಿಗೆ ಹೇಳಿದವನು ನಾನು.

ಈ ಶ್ರಾವಣದಲ್ಲಿ ಮತ್ತೆ ನದಿ ಉಕ್ಕಿತು. ಸೇತುವೆ ಮುಳುಗಿತು, ಸುತ್ತುದಾರಿಯ ಹಳ್ಳಗಳೂ ತುಂಬಿದವು. ಅದೇ ಬೆಳಿಗ್ಗೆ ನನ್ನ ಅಣ್ಣನ ಮಗಳು ಸುನಿತಾ ವಾಡಿ ಜಂಕ್ಷನ್ನಿನಲ್ಲಿ ರೈಲು ಹತ್ತಬೇಕಿತ್ತು. ಅವಳಿಗೆ ರೈಲು ಓಡಿಸುವ ನೌಕರಿ ಸಿಕ್ಕಿತ್ತು. ಆ ರೈಲು ತಪ್ಪಿದರೆ ತರಬೇತಿ ತಪ್ಪಿತು, ತರಬೇತಿ ತಪ್ಪಿದರೆ ಆ ಜಾಗ ಬೇರೆಯವರದು. ನಮ್ಮ ಮನೆತನದಲ್ಲಿ ಹುಟ್ಟು ಹಾಕಿದವರುಂಟು, ಬಲೆ ಬೀಸಿದವರುಂಟು. ರೈಲು ಓಡಿಸಿದವರು ಯಾರೂ ಇರಲಿಲ್ಲ.

ಸುನಿತಾ ಚೀಲ ಅಪ್ಪಿಕೊಂಡು ದೋಣಿಯ ಮುಂದೆ ಕುಳಿತಳು. ನಮ್ಮವ್ವ ಯಂಕಮ್ಮ ಹಿಂದೆ, ಎಂಜಿನ್ ಪಕ್ಕದಲ್ಲೇ ಕುಳಿತಳು. ಮೊಮ್ಮಗಳನ್ನು ಆ ದಡ ಮುಟ್ಟಿಸದೆ ತಾನು ಇಳಿಯುವುದಿಲ್ಲ ಎಂದಳು.

ತುಂಬಿದ ಹೊಳೆ ದಾಟುವಾಗ ನಡುನೀರಿನಲ್ಲಿ ಗಂಗಮ್ಮನ ಉಡಿ ತುಂಬುವುದು ನಮ್ಮ ಪದ್ಧತಿ. ಅಲ್ಲಿಗೆ ಬಂದಾಗ ನಾನೇ ಭಕ್ತಿಯಿಂದ ವೇಗ ತಗ್ಗಿಸಿದೆ. ಅವ್ವ ಹಸಿರು ರವಿಕೆ ಖಣ, ಬಳೆ, ಅರಿಸಿನಕೊಂಬು, ಕಾಯಿ ಎಲ್ಲವನ್ನೂ ನೀರಿಗೆ ಬಿಟ್ಟು ಕೈಮುಗಿದಳು. ನಾನು ಮತ್ತೆ ಎಂಜಿನ್ ಜೋರು ಮಾಡಿದೆ. ತಕ್ಷಣ ಹಾರ್ನ್ ಬಾಯಿಬಿಟ್ಟಿತು.

"ಗಂಗಮ್ಮ ಒಪ್ಪಿದ್ಳು!" ಎಂದು ಅವ್ವ ಮತ್ತೊಮ್ಮೆ ಕೈಮುಗಿದಳು.

"ಒಪ್ಪಿದ್ದಲ್ಲವ್ವ, ಎಂಜಿನ್ನಿಗಿ ನೀರು ನಿಂತದ!"

ನಮ್ಮಿಂದ ಕೆಳಗೆ, ಹೊಳೆಯ ಸೆಳೆತದ ದಾರಿಯಲ್ಲೇ, ಮುಳುಗಿದ ಸೇತುವೆಯ ಕಂಬಿಗಳು ಹಲ್ಲು ಕಿರಿಯುತ್ತಿದ್ದವು. ಎದುರು ದಡ ಮಾತ್ರ ಕೈಗೆ ಸಿಗುವಷ್ಟು ಹತ್ತಿರ ಕಂಡಿತು.

"ಇಷ್ಟೇ ಅದ, ಹೊಡದ್ ಬಿಡ್ತೀನಿ!" ಎಂದೆ.

"ಬಂದ್ ಮಾಡ್ರಿ ಕಾಕಾ!" ಸುನಿತಾ ಎದ್ದು ನಿಂತಿದ್ದಳು.

"ರೈಲು ತಪ್ತದ ಹುಡುಗಿ!"

"ತಪ್ಪಿದ್ರ ತಪ್ಪಲಿ! ಎಂಜಿನ್ ಬಿಗದ್ರ ನಾವು ಆ ಕಂಬಿ ಮ್ಯಾಲೇ ಕುಂದರ್ತೀವಿ. ಕೆಂಪು ಸಿಗ್ನಲ್ ದಾಟಿ ಹೋಗಿ ಡ್ರೈವರ್ ನೌಕರಿ ಹೆಂಗ ಮಾಡ್ಲಿ?"

ಹೊಳೆಯ ಮೇಲೆ ನನಗೆ ಹುಕುಂ ಮಾಡುವವರು ಹುಟ್ಟಿರಲಿಲ್ಲ. ಆದರೂ ಕೈ ತಾನೇ ಎಂಜಿನ್ ನಿಲ್ಲಿಸಿತು. ದೋಣಿ ಅಡ್ಡ ತಿರುಗಿ ಕಂಬಿಗಳತ್ತ ಜಾರಿತು. ನೀರಿನ ಮೇಲೆ ಜಾಲಿಮರವೊಂದರ ನೆತ್ತಿ ಕಾಣುತ್ತಿತ್ತು. ಸುನಿತಾ ಅದಕ್ಕೆ ಹಗ್ಗ ಎಸೆದಳು. ತಪ್ಪಿತು. ಹಲ್ಲು ಕಚ್ಚಿ ಮತ್ತೆ ಎಸೆದಳು. ಹಗ್ಗ ಸಿಕ್ಕಿಕೊಂಡು ದೋಣಿ ಗಕ್ಕನೆ ನಿಂತಿತು.

ನಾನು ಎಂಜಿನ್ನನ್ನು ಮೇಲಕ್ಕೆ ಎತ್ತಿ ನೋಡಿದೆ. ನೀರು ಹೀರುವ ಜಾಳಿಗೆಗೆ ಹಸಿರು ಖಣ ಒಂದು ಸುಕ್ಕಿಲ್ಲದೆ ಸುತ್ತಿಕೊಂಡಿತ್ತು.

"ನೋಡವ್ವ, ನೀ ಕೊಟ್ಟ ಖಣದಾಗ ಇದು ಕುಬಸ ಹೊಲಿಸ್ಕೊಂಡದ!"

"ಬಾಯಿ ಮುಚ್ಚು ಮೂಳಾ. ಇಲ್ಲಿ ಕೊಡು, ಆಕಿಂದು ಆಕಿಗಿ ಬಿಡ್ತೀನಿ."

"ದಂಡಿಗಿ ಇಳದು ಬಿಡು ಮಾರಾಯ್ತಿ!"

ಖಣ ಬಿಡಿಸಿ ಅವ್ವನ ಕೈಗಿಟ್ಟು, ಎಂಜಿನ್ ಇಳಿಸಿ ಚಾಲೂ ಮಾಡಿದೆ. ಹಾರ್ನ್ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಎಂಜಿನ್ ಪಕ್ಕದ ತೂತಿನಿಂದ ತಂಪು ನೀರು ಚಿಮ್ಮಿತು. ಸುನಿತಾ ಹಿಂದೆ ಬಂದು ಅದನ್ನು ಕೈಯಿಂದ ಮುಟ್ಟಿ ನೋಡಿ, "ಹೊಡೀರಿ ಕಾಕಾ, ಹಸರ ಸಿಗ್ನಲ್ ಅದ" ಎಂದು ಹಗ್ಗ ಬಿಚ್ಚಿದಳು.

ಆಮೇಲೆ ನಾನು ಓಡಿಸಿದ್ದನ್ನು ಓಡಿಸುವುದು ಎನ್ನಬಾರದು. ಮೀನುಗಳು ದಾರಿ ಬಿಟ್ಟು ಸಲಾಮು ಹೊಡೆದವು. ಖಣ ಬಿಡಲು ಅವ್ವನನ್ನು ದಡದಲ್ಲೇ ಉಳಿಸಿ, ಒಂದು ಆಟೋ ಹಿಡಿದು ಸುನಿತಾಳನ್ನು ವಾಡಿಗೆ ಮುಟ್ಟಿಸಿದಾಗ ರೈಲು ಆಗಲೇ ಮೆಲ್ಲಗೆ ಅಲುಗಿತ್ತು. ಸುನಿತಾ ಓಡಿ ಹತ್ತಿದಳು. ಬಾಗಿಲಲ್ಲಿ ನಿಂತು, ಒದ್ದೆ ಲಂಗ ಹಿಂಡುತ್ತ, ಊರೆಲ್ಲ ಕೇಳುವಂತೆ ನಕ್ಕಳು.

ನಾನು ಪ್ಲಾಟ್‌ಫಾರ್ಮಿನಲ್ಲಿ ಎದೆ ಉಬ್ಬಿಸಿ ನಿಂತೆ. ಪಕ್ಕದಲ್ಲಿದ್ದ ಚಹಾದವನಿಗೆ, "ಅಲ್ಲಿ ನೋಡ್ರಿ, ನಮ್ಮ ಹುಡುಗಿ. ರೈಲು ಹೊಡಿಯಾಕಿ" ಎಂದೆ.

"ಹೌದೇನ್ರಿ? ಯಾವ ರೈಲು?"

"ಎಲ್ಲಾ," ಎಂದೆ.