ಅವ್ವನ ಗೋಲಿ

ಚಿಕ್ಕಬೋರಮ್ಮನನ್ನು ಇನ್ನೇನು ಗುಣಿಗೆ ಇಳಿಸಬೇಕು, ಅವಳ ತಮ್ಮ ಮುದ್ದಯ್ಯ ಕೈ ಅಡ್ಡ ಹಿಡಿದ. ಸತ್ತವರಿಗೆ ಇಷ್ಟವಾದದ್ದನ್ನು ಜೊತೆಗಿಟ್ಟು ಮಣ್ಣು ಮಾಡುವುದು ಅವರ ಪದ್ಧತಿ. ಸೊಸೆ ಆಗಲೇ ಎಲೆಅಡಿಕೆ ಚೀಲ ಇಟ್ಟಿದ್ದಳು.

"ಎಲೆಅಡಿಕೆ ಎಲ್ರೂ ಆಕ್ತಾರೆ ಕಣ್ಲಾ ನಿಂಗ. ಅಕ್ಕನ್ ಗೋಲಿ ಎಲ್ಲವೆ? ತಂದು ಮಡಗು."

ಮಗ ನಿಂಗರಾಜು ತಲೆ ತಗ್ಗಿಸಿದ. ಊರಿನ ಡೈರಿ ಸೆಕ್ರೆಟರಿಯಾದ ಅವನು ಅರಕೆರೆಯವರ ಮುಂದೆ ಹಾಗೆ ತಲೆ ತಗ್ಗಿಸಿದ್ದು ಅದೇ ಮೊದಲು. ಗೋಲಿ ಏನಾದವೆಂದು ಸುತ್ತ ನಿಂತವರಿಗೆಲ್ಲ ಗೊತ್ತಿತ್ತು. ಗೋವಿಂದನಹಳ್ಳಿಯಿಂದ ಬಂದಿದ್ದ ಮುದ್ದಯ್ಯನಿಗೆ ಮಾತ್ರ ಗೊತ್ತಿರಲಿಲ್ಲ.

*

ಹೋದ ಬೇಸಿಗೆ ರಜೆಯಲ್ಲಿ ಚಿಕ್ಕಬೋರಮ್ಮ ಮೊಮ್ಮಕ್ಕಳ ಜೊತೆ ಬೀದಿಯಲ್ಲಿ ಮಂಡಿಯೂರಿ, ಒಂದು ಕಣ್ಣು ಮುಚ್ಚಿ ಗುರಿ ಹಿಡಿದಿದ್ದಳು. ಸಣ್ಣವಳಿದ್ದಾಗ ಬೇಲಿಯ ಗಜ್ಜುಗದ ಗುಂಡು ಬೀಜ ಆಯ್ದು ಗೋಲಿಯಾಡಿದವಳು. ಆಮೇಲೆ ಒಡೆದ ಸೋಡಾ ಬಾಟಲಿಯ ಗೋಲಿ, ಈಗ ಅಂಗಡಿಯ ಬಣ್ಣದ ಗೋಲಿ. ಸೋತವರ ಗೆಣ್ಣಿಗೆ ಹೊಡೆಯುವಾಗ ಮೊಮ್ಮಕ್ಕಳೆಂಬ ಕರುಣೆ ಎಳ್ಳಷ್ಟೂ ಇರುತ್ತಿರಲಿಲ್ಲ.

ಅದೇ ಹೊತ್ತಿಗೆ ಡೈರಿ ನೋಡಲು ಸಾಹೇಬರ ಜೀಪು ಬಂತು. ಗುರಿ ತಪ್ಪೀತೆಂದು ಮುದುಕಿ ಏಳಲಿಲ್ಲ, ಸ್ವಲ್ಪ ತಡೆಯಿರಿ ಎಂದು ಕೈ ತೋರಿಸಿದಳು. ಸಾಹೇಬರು ನಕ್ಕರು. ಆ ನಗುವಿಗೆ ನಿಂಗರಾಜುವಿನ ಮೈ ಉರಿದುಹೋಯಿತು. ಸಂಜೆ ಅವಳ ಗೋಲಿ ಡಬ್ಬಿಯನ್ನು ನಾಲೆಗೆ ಸುರಿದು ಬಂದ.

"ಊರ್ ಮುಂದೆ ನನ್ ಮಾನ ಕಳೀತೀಯಲ್ಲವ್ವ."

"ಬುಡು ಮಗ. ಇನ್ಮ್ಯಾಕೆ ಮಂಡಿ ಊರಾಕಿಲ್ಲ."

ಊರಲೂ ಇಲ್ಲ. ಜಗಲಿಯಲ್ಲಿ ಕೂತು ಮಕ್ಕಳ ಆಟ ನೋಡುತ್ತಿದ್ದಳು. ಸೆರಗಿನ ಮರೆಯಲ್ಲಿ ಬೆರಳು ಮಾತ್ರ ಬಾಗುತ್ತಿತ್ತು.

*

"ನಾನೇ ನಾಲೆಗೆ ಎಸ್ದ್ಬುಟ್ಟೆ ಮಾವ" ಎಂದ ನಿಂಗರಾಜು. ಮುದ್ದಯ್ಯ ಅವನ ಮುಖ ನೋಡಲಿಲ್ಲ.

ನಿಂಗರಾಜು ನಾಲೆ ಏರಿಯ ಗಜ್ಜುಗದ ಪೊದೆಗೆ ನಡೆದ. ಮುಳ್ಳಿಗೆ ಕೈ ಗೀರಿಕೊಂಡು, ಒಣಗಿದ ಕಾಯಿ ಒಡೆದು, ಒಂದೇ ಒಂದು ಬೂದು ಬೀಜ ತಂದ. ಅಷ್ಟರಲ್ಲಿ ಅವ್ವನನ್ನು ಗುಣಿಯಲ್ಲಿ ಮಲಗಿಸಿದ್ದರು.

"ಗಜ್ಜುಗಾನಾ? ಮಡಗು" ಎಂದ ಮುದ್ದಯ್ಯ. "ಮೊದ್ಲು ಆಡ್ತಿದ್ದದ್ದು ಅದ್ರಲ್ಲೇ."

ನಿಂಗರಾಜು ಗುಣಿಗೆ ಇಳಿದು, ಬಗ್ಗಿ ಅವ್ವನ ಅಂಗೈಯಲ್ಲಿಟ್ಟ. ಸೆಟೆದ ಬೆರಳು ಮಡಚಲಿಲ್ಲ. ಗಜ್ಜುಗ ಜಾರಿ ಸಡಿಲ ಮಣ್ಣಿನಲ್ಲಿ ಎತ್ತಲೋ ಉರುಳಿತು. ಹೊತ್ತಾಯಿತು, ಮೇಲೆ ಬಾ ಎಂದರು ಯಾರೋ.

ನಿಂಗರಾಜು ಮೇಲೆ ಬರಲಿಲ್ಲ. ಊರೆಲ್ಲ ನೋಡುತ್ತಿರುವಾಗಲೇ ಒದ್ದೆ ಪಂಚೆಯಲ್ಲಿ ಮಂಡಿಯೂರಿ, ಕೆನ್ನೆ ನೆಲಕ್ಕೆ ತಾಗುವಂತೆ ಬಗ್ಗಿ, ಒಂದು ಕಣ್ಣು ಮುಚ್ಚಿ ಹುಡುಕತೊಡಗಿದ.